ತನ್ನ ವ್ರತ, ಪರರ ಅನ್ನ

ಭಾದ್ರಪದ ಶುಕ್ಲ ಪಂಚಮಿ ಸಮೀಪಿಸಿತೆಂದರೆ ಶ್ರಾವಕರ ಮನೆಗಳಲ್ಲಿ ಅಡಿಗೆಮನೆಯ ಮಾತು ಬದಲಾಗುತ್ತದೆ. ಯಾರು ಏಕಾಶನ ಹಿಡಿಯುವರು, ಯಾರು ಅನಂತ ಚತುರ್ದಶಿಯಂದು ಉಪವಾಸ ಮಾಡುವರು, ಯಾರು ಹತ್ತು ದಿನವೂ ಉಪ್ಪನ್ನು ತೊರೆಯುವರು ಎಂಬ ಲೆಕ್ಕ ಹಿರಿಯರ ನಾಲಗೆಯ ಮೇಲಿರುತ್ತದೆ. ಹಳಿಯಾಳದ ಕಡೆಯ ಇಂಥದೊಂದು ಮನೆಯಿಂದ ಮಗಳೊಬ್ಬಳು ನರ್ಸಿಂಗ್ ಕಲಿಯಲು ಧಾರವಾಡಕ್ಕೆ ಹೋಗಿದ್ದಾಳೆಂದು ಇಟ್ಟುಕೊಳ್ಳಬಹುದು. ಪರ್ವಕ್ಕೆಂದು ಊರಿಗೆ ಬಂದವಳು ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಪಾಠವನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಗರ್ಭಿಣಿಯ ರಕ್ತಹೀನತೆಗೆ ಕಬ್ಬಿಣಾಂಶವುಳ್ಳ ಆಹಾರಗಳು ಯಾವುವು? ಯಕೃತ್ತು, ಮಾಂಸ, ಮೀನು, ಮೊಟ್ಟೆ, ಬೇಳೆಕಾಳು, ಹಸಿರುಸೊಪ್ಪು. ಜಪಸರ ಹಿಡಿದು ಕುಳಿತ ಅಜ್ಜಿಯ ಕಿವಿಗೆ ಈ ಸಾಲು ಬೀಳುತ್ತದೆ. “ನೀನು ತಿನ್ನುವುದಿಲ್ಲ, ಸರಿ. ತಿನ್ನಿರಿ ಎಂದು ಪರರಿಗೆ ಹೇಳಲು ಕಲಿಯುತ್ತಿರುವೆಯಲ್ಲ, ಅದು ಯಾರ ಲೆಕ್ಕಕ್ಕೆ ಸೇರುತ್ತದೆ?” ಎಂದು ಆಕೆ ಕೇಳಿದರೆ ಮೊಮ್ಮಗಳು ಏನು ಉತ್ತರ ಕೊಡಬೇಕು?

ಈ ಪ್ರಶ್ನೆಯನ್ನು ಹಳೆಯ ಕಾಲದ ಮುದುಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಅದು ಶಾಸ್ತ್ರದ ಪ್ರಶ್ನೆ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ವಿವರಿಸುವಾಗ, ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದಷ್ಟೇ ಸಾಲದೆಂದೂ, ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಈ ಮೂರನ್ನೂ ಮನಸ್ಸು, ವಚನ, ಕಾಯ ಈ ಮೂರರಿಂದಲೂ ಬಿಡಬೇಕೆಂದೂ ಹೇಳಿದ್ದಾರೆ. ಮೂರನ್ನು ಮೂರರಿಂದ ಗುಣಿಸಿದ ಒಂಬತ್ತು ಬಾಗಿಲುಗಳಲ್ಲಿ ‘ವಚನದಿಂದ ಮಾಡಿಸುವುದು’ ಎಂಬುದೂ ಒಂದು. ಅದಲ್ಲದೆ ಅನರ್ಥದಂಡದ ಐದು ಭೇದಗಳಲ್ಲಿ ಮೊದಲನೆಯದೇ ಪಾಪೋಪದೇಶ, ಎಂದರೆ ಜೀವಿಗಳಿಗೆ ಕೇಡಾಗುವ ಕಾರ್ಯವನ್ನು ಪರರಿಗೆ ಉಪದೇಶಿಸುವುದು. ಅಜ್ಜಿಯ ಮಾತಿಗೆ ಆಧಾರ ಇಷ್ಟು ಗಟ್ಟಿಯಾಗಿದೆ. ಆದುದರಿಂದ ಉತ್ತರವೂ ಅಷ್ಟೇ ಗಟ್ಟಿಯಾಗಿರಬೇಕು. “ಕಾಲ ಬದಲಾಗಿದೆ” ಎಂಬುದು ಉತ್ತರವಾಗಲಾರದು.

ಮೊದಲು ಆ ಹುಡುಗಿ ಕಲಿಯುತ್ತಿರುವುದೇನೆಂಬುದನ್ನು ಸರಿಯಾಗಿ ತಿಳಿಯಬೇಕು. ೧೯೪೭ರ ಕಾಯಿದೆಯಂತೆ ರೂಪುಗೊಂಡ ಭಾರತೀಯ ಶುಶ್ರೂಷಾ ಪರಿಷತ್ತು ದೇಶದ ಎಲ್ಲ ನರ್ಸಿಂಗ್ ಶಾಲೆ, ಕಾಲೇಜುಗಳಿಗೆ ಪಠ್ಯಕ್ರಮವನ್ನು ನಿಗದಿಗೊಳಿಸುತ್ತದೆ. ೨೦೨೧ರಲ್ಲಿ ಪರಿಷ್ಕೃತವಾದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಎರಡನೆಯ ಸೆಮಿಸ್ಟರಿನಲ್ಲಿ ಅನ್ವಯಿಕ ಪೋಷಣೆ ಮತ್ತು ಪಥ್ಯಶಾಸ್ತ್ರವು ಒಂದು ಪ್ರತ್ಯೇಕ ವಿಷಯ. ಅದರಲ್ಲಿ ಪುಸ್ತಕದ ಪಾಠವೂ ಉಂಟು, ರೋಗಿಗಳಿಗೆ ತಕ್ಕ ಪಥ್ಯವನ್ನು ತಯಾರಿಸುವ ಅಭ್ಯಾಸವೂ ಉಂಟು. ಇಷ್ಟು ಕಲಿತವಳು ಮುಂದೆ ಹಳ್ಳಿಯ ಉಪಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ನಿಂತು ಜನರಿಗೆ ಏನು ತಿನ್ನಬೇಕೆಂದು ತಿಳಿಸಬೇಕು. ಹೀಗೆ ಈ ವಿದ್ಯೆಯಲ್ಲಿ ಮನಸ್ಸು ಅರಿಯುತ್ತದೆ, ವಚನ ಹೇಳುತ್ತದೆ, ಕಾಯ ಬಡಿಸುತ್ತದೆ. ಶಾಸ್ತ್ರವು ಹೇಳಿದ ಮೂರು ಯೋಗಗಳೂ ಇಲ್ಲಿ ತೊಡಗಿಕೊಂಡಿವೆ. ಒಂದೊಂದನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಲೇಸು.

ಮನಸ್ಸಿನಿಂದ ಅರಿಯುವುದರಲ್ಲಿ ದೋಷವೇನೂ ಇಲ್ಲ. ಮೊಟ್ಟೆಯಲ್ಲಿ ಸಸಾರಜನಕವಿದೆ ಎಂಬುದು ಒಂದು ವಸ್ತುಸ್ಥಿತಿ. ವಸ್ತುವನ್ನು ಅದಿದ್ದಂತೆ ಅರಿಯುವುದೇ ಸಮ್ಯಗ್ಜ್ಞಾನ. ಪರೀಕ್ಷೆಯ ಹಾಳೆಯ ಮೇಲೆ ಅದನ್ನು ಬರೆದವಳು ಯಾವ ಜೀವಿಯ ವಧೆಯನ್ನೂ ಸಂಕಲ್ಪಿಸಲಿಲ್ಲ, ಅನುಮೋದಿಸಲೂ ಇಲ್ಲ. ಇದಕ್ಕೆ ವಿರುದ್ಧವಾಗಿ, ತಮಗೆ ತ್ಯಾಜ್ಯವಾದ ಪದಾರ್ಥದಲ್ಲಿ ಗುಣವೇ ಇಲ್ಲವೆಂದು ಸಾಧಿಸಲು ಹೊರಡುವುದು ಕೆಲವು ಶ್ರಾವಕರ ಅಭ್ಯಾಸ. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು ೨೪ ಗ್ರಾಂ ಸಸಾರಜನಕವಿದೆ, ಅಷ್ಟೇ ತೂಕದ ಮೊಟ್ಟೆಯಲ್ಲಿ ೧೩ ಗ್ರಾಂ ಮಾತ್ರ, ಆದುದರಿಂದ ಬೇಳೆಯೇ ಎರಡರಷ್ಟು ಮೇಲು ಎಂದು ಅವರು ವಾದಿಸುತ್ತಾರೆ. ಅಂಕಿಗಳು ಸುಳ್ಳಲ್ಲ, ವಾದ ಮಾತ್ರ ಪೂರ್ಣವಲ್ಲ. ನೂರು ಗ್ರಾಂ ಒಣಬೇಳೆಯನ್ನು ಒಬ್ಬರು ಒಂದು ಊಟದಲ್ಲಿ ತಿನ್ನುವುದಿಲ್ಲ. ಒಂದು ಹೊತ್ತಿನ ಸಾರಿಗೆ ಒಬ್ಬರ ಪಾಲಿಗೆ ಬರುವ ಮೂವತ್ತು ಗ್ರಾಂ ಬೇಳೆಯಲ್ಲಿ ದೊರೆಯುವುದು ಏಳು ಗ್ರಾಂ. ಅದು ಒಂದು ಮೊಟ್ಟೆಯಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ. ಬೇಳೆಯ ಕೊರತೆಯನ್ನು ಅಕ್ಕಿ, ಜೋಳ, ಹಾಲುಗಳು ತುಂಬಿಕೊಟ್ಟಾಗ ಶಾಕಾಹಾರವು ಪೂರ್ಣವಾಗುತ್ತದೆ. ಶಾಕಾಹಾರದ ಮಹಿಮೆಯು ನಿಜದ ಮೇಲೆಯೇ ನಿಲ್ಲಬಲ್ಲದು. ಅದಕ್ಕೆ ಅರೆಸತ್ಯದ ಊರುಗೋಲು ಬೇಕಾಗಿಲ್ಲ. ಮಾಂಸ, ಮದ್ಯ, ಮಧುಗಳನ್ನು ಶ್ರಾವಕನು ತೊರೆಯುವುದು ಅವುಗಳಲ್ಲಿ ಪೋಷಕಾಂಶಗಳಿಲ್ಲವೆಂಬ ಕಾರಣಕ್ಕಲ್ಲ, ಅವುಗಳಲ್ಲಿ ಜೀವಹಿಂಸೆಯಿದೆಯೆಂಬ ಕಾರಣಕ್ಕೆ. ಗುಣವಿದ್ದರೂ ಬಿಡುವುದೇ ತ್ಯಾಗ. ಗುಣವಿಲ್ಲದ್ದನ್ನು ಬಿಡುವುದು ಬರಿಯ ಜಾಣತನ.

ಎರಡನೆಯದು ವಚನ. ಕಠಿಣವಾದ ಪ್ರಶ್ನೆ ಇರುವುದು ಇಲ್ಲಿಯೇ. ಇದನ್ನು ಬಿಡಿಸಲು ಆ ಹುಡುಗಿ ಮುಂದೆ ಯಾರ ಮುಂದೆ ನಿಂತು ಮಾತನಾಡಬೇಕಾಗುವುದೆಂಬುದನ್ನು ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಊಟದ ತಟ್ಟೆಗಳು ನಾನಾ ವಿಧ. ಜೋಯಿಡಾದ ಕಾಡಿನ ನಡುವೆ ಕುಣಬಿಯರ ಮನೆಗಳಿವೆ. ಗಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ಅವರು ನಿಪುಣರು. ವರ್ಷಕ್ಕೊಮ್ಮೆ ಜೋಯಿಡಾದಲ್ಲಿ ನಡೆಯುವ ಗಡ್ಡೆಗೆಣಸು ಮೇಳಕ್ಕೆ ಹೊರಗಿನ ಜನ ಬಂದು ಬೆರಗಾಗುತ್ತಾರೆ. ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ, ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳಿದ್ದಾರೆ. ಎಮ್ಮೆಗಳನ್ನು ಸಾಕಿ ಬದುಕುವ ಗೌಳಿಗಳಿದ್ದಾರೆ. ೧೯೫೫ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯಿಂದ ದಾಂಡೇಲಿಯಲ್ಲಿ ಹಲವು ಪ್ರಾಂತಗಳ, ಹಲವು ಧರ್ಮಗಳ ಕಾರ್ಮಿಕರು ನೆಲೆಸಿದ್ದಾರೆ. ಮುಂಡಗೋಡದಲ್ಲಿ ೧೯೬೬ರಿಂದ ಟಿಬೇಟಿಯನ್ನರ ವಸತಿಯಿದೆ. ಇವರೆಲ್ಲರ ನಡುವೆ ಜೈನರ ಮನೆಗಳು ಎಣಿಕೆಗೆ ಸಿಗುವಷ್ಟು. ದಾದಿಯ ಮುಂದೆ ಬಂದು ಕೂಡುವ ನೂರು ತಾಯಂದಿರಲ್ಲಿ ಒಬ್ಬಳು ಶ್ರಾವಿಕೆಯಿದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ.

ಜೋಯಿಡಾದ ಗಡ್ಡೆಯನ್ನೇ ತೆಗೆದುಕೊಳ್ಳಬಹುದು. ವ್ರತಿಗೆ ಅದು ಅನಂತಕಾಯ. ಒಂದು ಶರೀರವನ್ನು ಆಶ್ರಯಿಸಿ ಅನಂತ ಜೀವಗಳಿರುವುದರಿಂದ ಅದು ಅಭಕ್ಷ್ಯ. ಕುಣಬಿ ಕುಟುಂಬಕ್ಕಾದರೋ ಮಳೆಗಾಲದ ಕಷ್ಟದ ದಿನಗಳಲ್ಲಿ ಹೊಟ್ಟೆಯನ್ನು ತುಂಬುವ ಆಧಾರ ಅದು. ಸೊರಗಿದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಕುಣಬಿ ತಾಯಿಗೆ ಜೈನಮನೆಯ ದಾದಿ ಏನು ಹೇಳಬೇಕು? “ಗಡ್ಡೆಯನ್ನು ಬಿಡು” ಎಂದರೆ ಮಗು ಉಪವಾಸ ಬೀಳುತ್ತದೆ. ಆ ಮಗು ಯಾವ ಪ್ರತ್ಯಾಖ್ಯಾನವನ್ನೂ ಮಾಡಿಲ್ಲ. ಅದರ ಹಸಿವು ತಪವಲ್ಲ, ಕೇವಲ ಹಸಿವು. ಪೋಷಣಶಾಸ್ತ್ರವನ್ನು ಚೆನ್ನಾಗಿ ಕಲಿತವಳು ಹೇಳುವ ಮಾತು ಬೇರೆ: ಗಡ್ಡೆಯಿಂದ ಶಕ್ತಿ ದೊರೆಯುತ್ತದೆ, ಆದರೆ ಮೈ ತುಂಬಿಕೊಳ್ಳಲು ಬೇಕಾದ ಸಸಾರಜನಕ ಅದರಲ್ಲಿ ಅಲ್ಪ. ಹುರುಳಿಯನ್ನೋ ಹೆಸರನ್ನೋ ಬೇಯಿಸಿ ಅದರೊಡನೆ ಕೊಡು, ಸಾಧ್ಯವಾದರೆ ಸ್ವಲ್ಪ ಎಣ್ಣೆಯನ್ನು ಸೇರಿಸು, ದಿನಕ್ಕೆ ಎರಡು ಸಲವಲ್ಲ, ಐದು ಸಲ ಉಣಿಸು. ಇಲ್ಲಿ ದಾದಿಯು ಹೊಸದಾಗಿ ಗಡ್ಡೆಯನ್ನು ತಿನ್ನಿಸಲಿಲ್ಲ. ಆ ಮನೆಯಲ್ಲಿ ಇದ್ದ ಅನ್ನವನ್ನು ಸರಿಪಡಿಸಿದಳು.

ಶಾಸ್ತ್ರವನ್ನು ಅರ್ಧ ಓದಿದವರು ಪಾಪೋಪದೇಶದ ಬಳಿ ನಿಂತುಬಿಡುತ್ತಾರೆ. ಇನ್ನೂ ಎರಡು ಹೆಜ್ಜೆ ಮುಂದೆ ನಡೆಯಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಕೊನೆಯದಾಗಿ ಅನ್ನಪಾನಗಳನ್ನು ತಡೆಯುವುದು. ಹೊಡೆತದ ಸಾಲಿನಲ್ಲಿಯೇ ಹಸಿವನ್ನು ಕುಳ್ಳಿರಿಸಿದ ಆಚಾರ್ಯರ ದೃಷ್ಟಿಯನ್ನು ಗಮನಿಸಬೇಕು. ತನ್ನನ್ನು ಆಶ್ರಯಿಸಿರುವ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದವನು ಅಹಿಂಸಾವ್ರತವನ್ನು ಕೆಡಿಸಿಕೊಂಡನೆಂದ ಮೇಲೆ, ತನ್ನನ್ನು ನಂಬಿ ಬಂದ ರೋಗಿಯ ಆಹಾರಕ್ಕೆ ಅಡ್ಡಬಂದವಳ ಮಾತೇನು? ಅದೇ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಸುಳ್ಳು ಬೋಧೆ. ರೋಗಿಗೆ ಹಿತವಾದುದನ್ನು ತಿಳಿದೂ ಮರೆಮಾಚಿ, ತನ್ನ ಮತಕ್ಕೆ ಒಪ್ಪುವ ಅರೆಮಾತನ್ನೇ ವೈದ್ಯವೆಂದು ಹೇಳುವುದು ಇದರಲ್ಲಿ ಅಡಗುತ್ತದೆ. ಹೀಗೆ ದಾದಿಯ ನಾಲಗೆಗೆ ಶಾಸ್ತ್ರವು ಒಂದಲ್ಲ, ಮೂರು ಕಾವಲುಗಳನ್ನು ಇಟ್ಟಿದೆ. ಪಾಪವನ್ನು ಉಪದೇಶಿಸಬಾರದು, ಸುಳ್ಳನ್ನು ಉಪದೇಶಿಸಬಾರದು, ಅನ್ನವನ್ನು ತಡೆಯಬಾರದು. ಒಂದನ್ನು ಕಾಯುವ ಭರದಲ್ಲಿ ಉಳಿದೆರಡನ್ನು ಮುರಿದರೆ ವ್ರತ ಉಳಿಯಿತೆನ್ನುವಂತಿಲ್ಲ.

ಮೂರನ್ನೂ ಒಟ್ಟಿಗೆ ಕಾಯಲು ದಾರಿಯುಂಟೇ? ಬಹುಪಾಲು ಉಂಟು. ಹಿಮೋಗ್ಲೋಬಿನ್ ೧೧ ಗ್ರಾಂಗಿಂತ ಇಳಿದ ಗರ್ಭಿಣಿಯು ಎದುರಿಗೆ ಕುಳಿತಿದ್ದಾಳೆ. ಬೇಳೆ, ಹುರುಳಿ, ಎಳ್ಳು, ಸೊಪ್ಪುಗಳಲ್ಲಿ ಕಬ್ಬಿಣವಿದೆ ಎಂದು ದಾದಿ ಮೊದಲು ಹೇಳಬಹುದು. ಸಸ್ಯದ ಕಬ್ಬಿಣವು ದೇಹಕ್ಕೆ ಸುಲಭವಾಗಿ ಹಿಡಿಯುವುದಿಲ್ಲ, ಆದುದರಿಂದ ಊಟದೊಡನೆ ಲಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಸೇರಿಸಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು ಎಂದು ತಿಳಿಸಬೇಕು. ಆಹಾರವೊಂದರಿಂದಲೇ ಈ ಕೊರತೆ ತುಂಬದೆಂಬುದನ್ನೂ ಒಪ್ಪಬೇಕು. ಸರಕಾರದ ಕ್ರಮದಂತೆ ೬೦ ಮಿಲಿಗ್ರಾಂ ಕಬ್ಬಿಣವೂ ಫೋಲಿಕ್ ಆಮ್ಲವೂ ಇರುವ ಮಾತ್ರೆಯನ್ನು ಗರ್ಭಿಣಿಯು ೧೮೦ ದಿನ ನುಂಗಬೇಕು, ಹೆರಿಗೆಯ ನಂತರವೂ ೧೮೦ ದಿನ. ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಅದನ್ನು ಮೂಲೆಗೆಸೆಯದಂತೆ ಧೈರ್ಯ ಹೇಳುವುದು ದಾದಿಯ ಮುಖ್ಯ ಕೆಲಸ.

ಫೋಲಿಕ್ ಆಮ್ಲದ ಇತಿಹಾಸವೇ ಇಲ್ಲಿ ಒಂದು ಪಾಠ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಅರಸಿದಳು. ಅದಕ್ಕೆ ಹೂಕ್ಷ್ಮಜೀವಿಯ ಸೋಂಕು ಕಾರಣವಲ್ಲ, ಊಟದ ಕೊರತೆ ಕಾರಣ ಎಂದು ಕಂಡುಕೊಂಡಳು. ಈಸ್ಟಿನ ಅಗ್ಗದ ಸಾರವನ್ನು ಕೊಟ್ಟು ಅದನ್ನು ಗುಣಪಡಿಸಿ ೧೯೩೧ರಲ್ಲಿ ಪ್ರಕಟಿಸಿದಳು. ಹತ್ತು ವರ್ಷಗಳ ನಂತರ ವಿಜ್ಞಾನಿಗಳು ಆ ಅಂಶವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಹೆಸರಿಟ್ಟರು. ಆ ವೈದ್ಯೆಯು ತನ್ನ ದೇಶದ ಊಟವನ್ನು ಆ ತಾಯಂದಿರ ಮೇಲೆ ಹೇರಲಿಲ್ಲ. ಅವರು ಉಣ್ಣುತ್ತಿದ್ದುದೇನೆಂದು ಮೊದಲು ವಿಚಾರಿಸಿದಳು. ಪೋಷಣೆಯನ್ನು ಬೋಧಿಸುವವರು ಕಲಿಯಬೇಕಾದ ಮೊದಲ ಪಾಠವೇ ಇದು.

ಆದರೆ ದಾರಿ ಕವಲೊಡೆಯುವ ಗಳಿಗೆಯೂ ಬರುತ್ತದೆ. ಕರ್ನಾಟಕದಲ್ಲಿ ೨೦೧೭ರ ಅಕ್ಟೋಬರ್ ೨ರಿಂದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಶೇಂಗಾ ಚಿಕ್ಕಿಗಳೊಡನೆ ಮೊಟ್ಟೆಯನ್ನೂ ಕೊಡುವ ಏರ್ಪಾಡಾಯಿತು. ತಲೆತಲಾಂತರದಿಂದ ಮೊಟ್ಟೆ ಮೀನುಗಳನ್ನು ಉಣ್ಣುವ ಮನೆಯ ಗರ್ಭಿಣಿಯೊಬ್ಬಳು, “ಅಕ್ಕಾ, ಅಂಗನವಾಡಿಯಲ್ಲಿ ಕೊಡುವ ಮೊಟ್ಟೆಯನ್ನು ನಾನು ತಿನ್ನಬಹುದೇ?” ಎಂದು ಕೇಳಿದರೆ? “ಬೇಡ” ಎಂದರೆ ಅನ್ನಪಾನನಿರೋಧ. “ಅದರಲ್ಲೇನೂ ಇಲ್ಲ” ಎಂದರೆ ಮಿಥ್ಯೋಪದೇಶ. “ಅದನ್ನು ತಿಂದರೆ ನಿನ್ನ ದೇಹಕ್ಕೆ ಕೇಡಿಲ್ಲ, ಪುಷ್ಟಿಯುಂಟು” ಎಂಬುದೇ ಸತ್ಯವಾದ ಉತ್ತರ. ಇದು ಪಾಪೋಪದೇಶವೇ? ಅನರ್ಥದಂಡವೆಂಬ ಹೆಸರಿನಲ್ಲಿಯೇ ಪ್ರಯೋಜನವಿಲ್ಲದ ದಂಡವೆಂಬ ಅರ್ಥವಿದೆ. ಇಲ್ಲಿಯಾದರೋ ಎರಡು ಜೀವಗಳ ರಕ್ಷಣೆಯ ಪ್ರಯೋಜನ ಎದುರಿಗೇ ಇದೆ. ದಾದಿಯ ಸಂಕಲ್ಪವು ತಾಯಿಯ ಆರೋಗ್ಯದ ಕಡೆಗಿದೆಯೇ ಹೊರತು ಕೋಳಿಯ ಕಡೆಗಲ್ಲ. ಆಕೆ ಆಜ್ಞೆ ಮಾಡಲಿಲ್ಲ, ಆಸೆ ಹುಟ್ಟಿಸಲಿಲ್ಲ, ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಹೇಳಿದಳು.

ಇದು ತಪ್ಪಿಸಿಕೊಳ್ಳುವ ಯುಕ್ತಿಯಲ್ಲವೇ ಎಂದು ಅಜ್ಜಿ ಮತ್ತೆ ಕೇಳಬಹುದು. ಕೇಳುವುದು ನ್ಯಾಯವೇ. ಪ್ರಯೋಜನವೆಂಬ ಮಾತನ್ನು ಮುಂದಿಟ್ಟುಕೊಂಡು ಲೋಕದಲ್ಲಿ ಎಂಥ ಹಿಂಸೆಯನ್ನಾದರೂ ಸಮರ್ಥಿಸಿದವರಿದ್ದಾರೆ. ಆದುದರಿಂದ ಈ ಉತ್ತರವನ್ನು ಕೊಟ್ಟ ದಾದಿಯ ಮನಸ್ಸಿನಲ್ಲಿ ಸಣ್ಣದೊಂದು ಅಳುಕು ಉಳಿದರೆ ಅದು ತಪ್ಪಲ್ಲ, ಉಳಿಯಲೇಬೇಕು. ಸಂಜೆಯ ಪ್ರತಿಕ್ರಮಣದಲ್ಲಿ ಆಕೆ ಅದನ್ನು ಆಲೋಚನೆಗೆ ತರಲಿ. ಮೂಕಜೀವಿಗಳ ಮೇಲಿನ ಅವಳ ಕರುಣೆ ಮೊಂಡಾಗದಿರಲು ಅದು ಸಹಾಯಕ. ಆದರೆ ತನ್ನ ಅಳುಕಿನ ಬೆಲೆಯನ್ನು ಇನ್ನೊಬ್ಬಳ ರಕ್ತದಿಂದ ತೆರಿಸುವ ಅಧಿಕಾರ ಅವಳಿಗಿಲ್ಲ. ವ್ರತವೆಂಬುದು ತೆಗೆದುಕೊಳ್ಳುವಂಥದು, ಹೇರುವಂಥದಲ್ಲ. ಗುರುಸನ್ನಿಧಿಯಲ್ಲಿ ಸ್ವಯಂ ಇಚ್ಛೆಯಿಂದ ಕೈಮುಗಿದು ಸ್ವೀಕರಿಸಿದವನಿಗೆ ಮಾತ್ರ ಅದು ವ್ರತ. ಸ್ವೀಕರಿಸದವನ ಪಾಲಿಗೆ ಅದೇ ನಿಯಮ ಬರಿಯ ಅಭಾವ.

ಮೂರನೆಯದು ಕಾಯ. ವ್ರತಕ್ಕೆ ನಿಜವಾದ ಗಡಿ ಇಲ್ಲಿದೆ. ಪಥ್ಯದ ಅಭ್ಯಾಸದಲ್ಲಿ ಮಾಂಸದ ಸಾರನ್ನು ತಯಾರಿಸಬೇಕಾಗಿ ಬಂದರೆ, ತನಗೆ ವ್ರತವಿದೆಯೆಂದು ಶಿಕ್ಷಕಿಗೆ ವಿನಯದಿಂದ ತಿಳಿಸಿ, ಅದರ ಬದಲು ಗಂಜಿ, ಬಾರ್ಲಿನೀರು, ಹೆಸರುಬೇಳೆಯ ಕಟ್ಟು, ಒಡೆದ ಹಾಲಿನ ತಿಳಿ ಇವುಗಳಲ್ಲೊಂದನ್ನು ತಯಾರಿಸುವೆನೆಂದು ಕೇಳಿಕೊಳ್ಳುವುದು ಅವಳ ಹಕ್ಕು. ವಿವೇಕವುಳ್ಳ ಶಿಕ್ಷಕಿಯು ಇದಕ್ಕೆ ಎಡೆಮಾಡಿಕೊಡಬೇಕು. ಆದರೆ ವಾರ್ಡಿನಲ್ಲಿ, ಕೈಯೆತ್ತಲಾರದ ರೋಗಿಯ ಮುಂದೆ ಅವನಿಗೆ ವೈದ್ಯರು ಹೇಳಿದ ಊಟದ ಬಟ್ಟಲು ಇದ್ದಾಗ, ಮಾತು ಬೇರೆ. ಅಡಿಗೆ ಆರಂಭ, ತುತ್ತು ಸೇವೆ. ಅಷ್ಟನ್ನೂ ಅವಳ ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ದಾದಿಯನ್ನು ಆ ಕ್ಷಣವೇ ಕರೆಯಬೇಕು. ಬಟ್ಟಲು ಆರಿಹೋಗುವಂತೆ ಮಾತ್ರ ಮಾಡಬಾರದು. ಶುಶ್ರೂಷಾವಿದ್ಯೆಗೆ ಹೊಸ ರೂಪ ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ತನ್ನ ಪುಸ್ತಕದಲ್ಲಿ ರೋಗಿಯ ಊಟಕ್ಕಾಗಿಯೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾಳೆ. ಆಹಾರ ಸಮೃದ್ಧವಾಗಿದ್ದರೂ, ಹೊತ್ತಿಗೆ ಸರಿಯಾಗಿ ಉಣಿಸುವವರ ಗಮನವಿಲ್ಲದೆ ರೋಗಿಗಳು ಹಸಿವಿನಿಂದ ಸೊರಗುತ್ತಾರೆಂಬುದು ಅವಳ ಅನುಭವದ ಮಾತು. ಆರು ಅಂತರಂಗ ತಪಗಳಲ್ಲಿ ಒಂದಾದ ವೈಯಾವೃತ್ತ್ಯವು ಇಂಥ ಗಮನವೇ. ಶಾಸ್ತ್ರದಲ್ಲಿ ವೈಯಾವೃತ್ತ್ಯಕ್ಕೆ ಪಾತ್ರರೆಂದು ಹೇಳಿದ ಹತ್ತು ಬಗೆಯ ಮುನಿಗಳಲ್ಲಿ ಗ್ಲಾನ, ಎಂದರೆ ರೋಗಪೀಡಿತನಾದವನೂ ಸೇರಿದ್ದಾನೆ. ಮುನಿಗಳ ಸೇವೆಯಲ್ಲಿ ಕಲಿತ ಈ ಮೃದುತ್ವವನ್ನು ಗೃಹಸ್ಥನು ಕರುಣಾದಾನವಾಗಿ ಎಲ್ಲ ಜೀವಿಗಳಿಗೂ ಹರಿಸಬೇಕು.

ಇಷ್ಟರವರೆಗೆ ಪರರ ಅನ್ನದ ವಿಚಾರವಾಯಿತು. ಈ ವಿದ್ಯೆಗೆ ಶ್ರಾವಕನ ಸ್ವಂತ ಮನೆಯಲ್ಲಿಯೂ ಕೆಲಸವಿದೆ. ತೀರ್ಥಂಕರಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ ಎಂದು ಅದರ ತಾತ್ಪರ್ಯ. ತನ್ನ ಶಕ್ತಿ ಎಷ್ಟೆಂದು ತಿಳಿಯದವನು ಶಕ್ತ್ಯನುಸಾರ ತಪವನ್ನು ಮಾಡುವುದು ಹೇಗೆ? ಪೋಷಣಶಾಸ್ತ್ರವು ಆ ಅಳತೆಯನ್ನು ಕೊಡುತ್ತದೆ. ಆರೋಗ್ಯವಂತನ ಯಕೃತ್ತಿನಲ್ಲಿ ಸುಮಾರು ಒಂದು ದಿನಕ್ಕೆ ಸಾಲುವಷ್ಟು ಸಕ್ಕರೆಯ ಸಂಗ್ರಹವಿರುತ್ತದೆ. ಅನಂತರ ದೇಹವು ಕೊಬ್ಬನ್ನು ಕರಗಿಸಿ ಬದುಕುತ್ತದೆ. ಆದುದರಿಂದ ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನು ಆರೋಗ್ಯವಂತನು ನಿರಾತಂಕವಾಗಿ ಮಾಡಬಲ್ಲನು. ಮಧುಮೇಹದ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವ ಅಜ್ಜಿಯ ಸ್ಥಿತಿ ಹಾಗಲ್ಲ. ಔಷಧಿಯನ್ನು ಎಂದಿನಂತೆ ತೆಗೆದುಕೊಂಡು ಅನ್ನವನ್ನು ಬಿಟ್ಟರೆ ರಕ್ತದ ಸಕ್ಕರೆ ೭೦ ಮಿಲಿಗ್ರಾಂಗಿಂತ ಕೆಳಗಿಳಿದು, ಬೆವರಿ, ಎಚ್ಚರ ತಪ್ಪಿ ಬೀಳುವ ಅಪಾಯವುಂಟು. ಔಷಧಿಯನ್ನು ತಾನಾಗಿಯೇ ಬಿಟ್ಟರೆ ಅಪಾಯ ಇನ್ನೊಂದು ಬಗೆಯದು. ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಿ ನಿರ್ಧರಿಸುವುದರಲ್ಲಿ ವ್ರತಕ್ಕೆ ಅಪಮಾನವೇನೂ ಇಲ್ಲ.

ವರ್ಷಗಟ್ಟಲೆ ಹಾಲು, ಮೊಸರು, ತುಪ್ಪಗಳ ರಸಪರಿತ್ಯಾಗವನ್ನು ಮಾಡಿದ ವೃದ್ಧರಿಗೆ ಪಾದ ಜೋಮು ಹಿಡಿಯುವುದು, ಮರೆವು, ಆಯಾಸಗಳು ಕಂಡುಬಂದರೆ ಅದನ್ನು ಬರಿಯ ಮುಪ್ಪೆಂದು ಬಿಡಬಾರದು. ೧೯೪೮ರಲ್ಲಿ ಬೇರ್ಪಡಿಸಲ್ಪಟ್ಟ ಬಿ-೧೨ ಎಂಬ ಜೀವಸತ್ವವು ಧಾನ್ಯ, ಕಾಯಿ, ಪಲ್ಯಗಳಲ್ಲಿ ಇಲ್ಲ. ಶಾಕಾಹಾರಿಗೆ ಅದು ದೊರೆಯುವುದು ಮುಖ್ಯವಾಗಿ ಹಾಲಿನಿಂದ. ರಕ್ತಪರೀಕ್ಷೆಯಿಂದ ಕೊರತೆಯನ್ನು ತಿಳಿಯಬಹುದು, ಔಷಧಿಯಿಂದ ತುಂಬಬಹುದು. ಹಲವು ದಿನಗಳ ನಿರಂತರ ಉಪವಾಸದ ನಂತರದ ಪಾರಣೆಯಲ್ಲಿಯೂ ಎಚ್ಚರ ಬೇಕು. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಹೊರಬಂದ ಹಸಿದವರಿಗೆ ಒಮ್ಮೆಲೇ ತುಂಬ ಉಣಿಸಿದಾಗ ಹಲವರು ಅಪಾಯಕ್ಕೀಡಾದರು. ರಕ್ತದಲ್ಲಿಯ ಲವಣಾಂಶಗಳು ಕುಸಿದು ಹೃದಯವು ಸೋಲುವುದೇ ಅದಕ್ಕೆ ಕಾರಣ. ಬೇಳೆಯ ಕಟ್ಟು, ತೆಳ್ಳನೆಯ ಗಂಜಿಗಳಿಂದ ಸ್ವಲ್ಪಸ್ವಲ್ಪವಾಗಿ ಆರಂಭಿಸುವ ಹಿರಿಯರ ಪಾರಣೆಯ ಕ್ರಮವು ಎಷ್ಟು ವಿವೇಕದ್ದೆಂಬುದು ಇದರಿಂದ ತಿಳಿಯುತ್ತದೆ. ಗರ್ಭಿಣಿ ಸೊಸೆಗೆ, ಹಾಲೂಡುವ ತಾಯಿಗೆ, ಬೆಳೆಯುವ ಮಗುವಿಗೆ ಅನಶನವೊಂದೇ ತಪವಲ್ಲ. ಮೌನ, ಸ್ವಾಧ್ಯಾಯ, ಕ್ಷಮೆಗಳೂ ದಶಲಕ್ಷಣದ ಆಚರಣೆಗಳೇ. “ನೆರೆಮನೆಯ ಸ್ವಸೆ ಹತ್ತು ದಿನ ಮಾಡಿದಳು” ಎಂಬ ಮಾತಿಗೆ ಅಂಜಿ ಬಸುರಿಯು ಉಪವಾಸವಿದ್ದರೆ ಅದು ಅನಶನವಲ್ಲ. ಆ ಮಾತನ್ನಾಡಿದವರು ಮಾಡಿದ ಅನ್ನಪಾನನಿರೋಧ.

ಈ ವಿಷಯದಲ್ಲಿ ಸಮಂತಭದ್ರಾಚಾರ್ಯರ ಬಾಳಿನ ಕಥೆಗಿಂತ ದೊಡ್ಡ ದೃಷ್ಟಾಂತ ಬೇಕಾಗಿಲ್ಲ. ದೇವಚಂದ್ರನ ರಾಜಾವಳಿಕಥೆಯೂ ಹೇಳುವ ಆ ಕಥೆ ಶ್ರಾವಕರಿಗೆ ಹೊಸದಲ್ಲ. ಎಷ್ಟು ಉಂಡರೂ ಭಸ್ಮವಾಗುವ ಭಸ್ಮಕವ್ಯಾಧಿ ಆಚಾರ್ಯರನ್ನು ಹಿಡಿಯಿತು. ಮುನಿಧರ್ಮದಲ್ಲಿದ್ದುಕೊಂಡು ಆ ಹಸಿವನ್ನು ತಣಿಸುವುದು ಅಸಾಧ್ಯವೆಂದು ಕಂಡು ಅವರು ಗುರುಗಳ ಬಳಿ ಸಲ್ಲೇಖನವನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಉಳಿದಿದೆಯೆಂದೂ, ದೀಕ್ಷೆಯನ್ನು ಬದಿಗಿಟ್ಟು, ಎಲ್ಲಿ ಹೇಗೆ ಸಾಧ್ಯವೋ ಹಾಗೆ ಉಂಡು, ವ್ಯಾಧಿ ನೀಗಿದ ಮೇಲೆ ಮರಳಿ ದೀಕ್ಷೆಯನ್ನು ಪಡೆಯಬೇಕೆಂದೂ ಅಪ್ಪಣೆ ಮಾಡಿದರು. ಆಚಾರ್ಯರು ಅನ್ಯದೇವಾಲಯದ ನೈವೇದ್ಯವನ್ನು ಉಂಡು ಗುಣಹೊಂದಿದರು, ಮತ್ತೆ ಮುನಿಯಾದರು. ಶ್ರಾವಕರ ವ್ರತಗಳನ್ನೆಲ್ಲ ಕ್ರಮವಾಗಿ ವಿಧಿಸಿದ ರತ್ನಕರಂಡಕವು ಅಂಥ ಹಸಿವನ್ನು ಉಂಡವರ ಹೆಸರಿನಲ್ಲಿ ಉಳಿದಿದೆ. ಆ ಗುರುಗಳು ವ್ರತವನ್ನು ಹಗುರವಾಗಿ ಕಂಡರೆಂದು ಯಾರೂ ಹೇಳಲಾರರು. ಶಿಷ್ಯನ ಶಕ್ತಿಯನ್ನು ಅವರು ಅಳೆದರು.

ವ್ರತದ ಮನೆಯಲ್ಲಿ ಬೆಳೆದವಳು ದಾದಿಯಾದಾಗ ಅವಳಿಗೆ ಒಂದು ವಿಶೇಷ ಅರ್ಹತೆಯೂ ಇರುತ್ತದೆ. ಮುಂಡಗೋಡದ ಟಿಬೇಟಿಯನ್ ವೃದ್ಧೆ ನ್ಯುಂಗ್ನೆ ಎಂಬ ವ್ರತದಲ್ಲಿ ಒಂದು ದಿನ ನೀರನ್ನೂ ಮುಟ್ಟದಿರುವಾಗ, ದಾಂಡೇಲಿಯ ಕಾರ್ಮಿಕನೊಬ್ಬ ರಂಜಾನಿನಲ್ಲಿ ಹಗಲಿನ ಗುಳಿಗೆಯನ್ನು ನುಂಗದಿರುವಾಗ, ಉಳಿದವರು ಅದನ್ನು ಮೌಢ್ಯವೆಂದು ಗದರಬಹುದು. ಇವಳು ಗದರಲಾರಳು. ವ್ರತಭಂಗದ ಭಯ ಎಂಥದೆಂದು ಇವಳು ತನ್ನ ಮನೆಯಲ್ಲಿ ಕಂಡಿದ್ದಾಳೆ. ಆದುದರಿಂದ ಗುಳಿಗೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ ಬರುತ್ತಾಳೆ. ತನ್ನ ವ್ರತವನ್ನು ಗೌರವಿಸಿದಂತೆ ಪರರ ವ್ರತವನ್ನು ಗೌರವಿಸುತ್ತಾಳೆ. ವ್ರತವಿಲ್ಲದವರ ಹಸಿವನ್ನೂ ಗೌರವಿಸುತ್ತಾಳೆ.

ಹಳಿಯಾಳದ ನೆರೆಯ ಖಾನಾಪುರ ತಾಲ್ಲೂಕಿನ ಹಲಸಿ ಒಂದು ಕಾಲದಲ್ಲಿ ಕದಂಬರ ಪಲಾಶಿಕಾ ನಗರ. ಅಲ್ಲಿ ದೊರೆತ ತಾಮ್ರಶಾಸನವೊಂದರಲ್ಲಿ ಕದಂಬ ರವಿವರ್ಮನು, ಜಿನೇಂದ್ರನ ಎಂಟು ದಿನಗಳ ಉತ್ಸವವನ್ನು ಪ್ರತಿವರ್ಷ ನಡೆಸಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರದ ವ್ಯವಸ್ಥೆಯಾಗಬೇಕೆಂದೂ ವಿಧಿಸಿದ್ದಾನೆ. ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಮಾತಿದು. ಉಪವಾಸದ ಋತುವೆಂದೇ ಹೆಸರಾದ ಚಾತುರ್ಮಾಸಕ್ಕೆ ಅರಸನು ಮಾಡಿದ ಏರ್ಪಾಡು ಅನ್ನದ್ದು. ಬಿಡುವವನ ಪಾಲಿಗೆ ಬಿಡುವುದು ಧರ್ಮ, ಕೊಡುವವನ ಪಾಲಿಗೆ ಕೊಡುವುದು ಧರ್ಮ. ಒಬ್ಬನ ಧರ್ಮವನ್ನು ಇನ್ನೊಬ್ಬನ ತಟ್ಟೆಯ ಮೇಲೆ ಇಡುವಂತಿಲ್ಲ.

ಈಗ ಮೊಮ್ಮಗಳು ಅಜ್ಜಿಗೆ ಉತ್ತರ ಕೊಡಬಲ್ಲಳು. ಪುಸ್ತಕವನ್ನು ಮಡಿಸಿಟ್ಟು, ಮೊದಲು ಅಜ್ಜಿಯ ಗುಳಿಗೆಗಳ ಡಬ್ಬಿಯನ್ನು ಕೈಗೆತ್ತಿಕೊಳ್ಳಲಿ. ಈ ಪರ್ವದಲ್ಲಿ ಎಷ್ಟು ದಿನ ಏಕಾಶನ ಮಾಡುವಿರೆಂದು ಕೇಳಲಿ. ನಾಳೆ ಆಸ್ಪತ್ರೆಗೆ ಹೋಗಿ ಸಕ್ಕರೆಯನ್ನು ಪರೀಕ್ಷಿಸಿಕೊಂಡು ಬಂದ ಮೇಲೆ ನಿಯಮ ತೆಗೆದುಕೊಳ್ಳೋಣವೆಂದು ಹೇಳಲಿ. ತನ್ನ ವ್ರತವನ್ನು ಕಾಯಲು ಬಂದವಳ ಕೈ ಅದು ಎಂದು ಅಜ್ಜಿಗೆ ತಿಳಿಯುತ್ತದೆ. ಅದೇ ಕೈ ಜೋಯಿಡಾದ ಮಗುವಿಗೂ ಚಾಚಿಕೊಂಡಿದೆಯೆಂಬುದು ಆಮೇಲೆ ತಾನಾಗಿ ತಿಳಿದೀತು.